ಈರಪ್ಪ ಕಾಕಾ ಕೋಚ್ ಆಗದೆ ಹೋದ ಬೇಸಿಗೆ

ಕುದಿಯುವ ಗಂಜಿಯ ವಾಸನೆ ಬಂದರೆ ಮಂದಿಗೆ ಅಜ್ಜಿಯ ನೆನಪಾಗುತ್ತದಂತೆ. ನನಗೆ ಫುಟ್‌ಬಾಲ್ ನೆನಪಾಗುತ್ತದೆ.

ಹೋದ ವಾರ ಮುಧೋಳದಿಂದ ಬನಹಟ್ಟಿಗೆ ಸೀರೆಯ ಮಾಲು ಆರಿಸಲು ಹೋಗಿದ್ದೆ. ಬಸ್ಸಿಳಿದು ಸೈಜಿಂಗ್ ಕಾರ್ಖಾನೆಯ ಓಣಿಗೆ ಹೊರಳಿದ್ದೇ ತಡ, ನೂಲಿಗೆ ಉಣಿಸುವ ಗಂಜಿಯ ಹುಳಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಹಿಂದೆಯೇ ಎರಡೂ ಕಡೆಯ ಶೆಡ್ಡುಗಳಿಂದ ಪವರ್‌ಲೂಮುಗಳ ಖಟ್‌ಖಟ್. ಇಪ್ಪತ್ತೊಂದು ವರ್ಷ ಆ ಸದ್ದಿನಲ್ಲೇ ಬೆಳೆದವನು ನಾನು. ಈಗ ಐದು ವರ್ಷಗಳಿಂದ ಮುಧೋಳದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಹೆಗಲಿಗೆ ಸೆರಗು ಹೊದ್ದು, ನಡು ಬಳುಕಿಸಿ, ಗಿರಾಕಿಗಳ ಮುಂದೆ ನಾಲ್ಕು ಹೆಜ್ಜೆ ನಡೆದು ತೋರಿಸುವುದರಲ್ಲಿ ನನಗೆ ಸಮಾನರಿಲ್ಲ ಎಂದು ನಮ್ಮ ಮಾಲೀಕರು ಹೇಳುತ್ತಾರೆ. ನಮ್ಮವ್ವ ಹೇಳುವುದು ಬೇರೆ, ಅದನ್ನು ಬರೆಯುವಂತಿಲ್ಲ.

ಅಂಗಡಿಗೆ ಸೇರುವ ಮುಂಚಿನ ಬೇಸಿಗೆಯಲ್ಲಿ ನಮ್ಮೂರ ಫುಟ್‌ಬಾಲ್ ತಂಡಕ್ಕೆ ಕೋಚ್ ಇರಲಿಲ್ಲ. ಬನಹಟ್ಟಿಗೂ ಫುಟ್‌ಬಾಲಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಸುತ್ತಲಿನವೆಲ್ಲ ಕುಸ್ತಿಯ ಊರುಗಳು. ‘ಒಂದು ಚೆಂಡಿನ ಸಲುವಾಗಿ ಇಪ್ಪತ್ತೆರಡು ಮಂದಿ ಓಡೂದಂದ್ರ ಏನ್ ಬಡತನಲೇ, ತಲಿಗೊಂದು ಕೊಡಸಾಕ ಬರೂದಿಲ್ಲೇನ?’ ಎಂದು ಗರಡಿಯವರು ನಮ್ಮನ್ನು ಆಡಿಕೊಳ್ಳುತ್ತಿದ್ದರು. ಆದರೆ ಹೈಸ್ಕೂಲಿನ ದೇಶಪಾಂಡೆ ಮಾಸ್ತರು ಹತ್ತು ವರ್ಷ ಹಟ ಹಿಡಿದು ಮಗ್ಗದ ಹುಡುಗರನ್ನೇ ಕೂಡಿಸಿ ತಂಡ ಕಟ್ಟಿದ್ದರು. ಆಗ ವಾರಕ್ಕೊಂದು ದಿನ ಊರಿಗೆ ಕರೆಂಟು ಇರುತ್ತಿರಲಿಲ್ಲ. ಮಗ್ಗಗಳು ಬಾಯಿ ಮುಚ್ಚುತ್ತಿದ್ದವು. ಅವತ್ತೇ ಆಟ. ಬೇರೆ ಊರಿನವರು ಕರೆಂಟು ಹೋದರೆ ಬೈಯುತ್ತಿದ್ದರು, ನಮ್ಮೂರ ಹುಡುಗರು ಬೂಟಿನ ಲಾಡಿ ಬಿಗಿಯುತ್ತಿದ್ದರು.

ಹೋಳಿಹುಣ್ಣಿಮೆ ಮುಗಿದ ವಾರ ಮಾಸ್ತರಿಗೆ ಬಿಜಾಪುರಕ್ಕೆ ವರ್ಗವಾಯಿತು. ಮಳೆ ಹಿಡಿಯುವ ಮುಂಚೆ ಜಮಖಂಡಿಯಲ್ಲಿ ಪಂದ್ಯಾವಳಿ. ತಂಡಕ್ಕೆ ಚೆಂಡು, ಬೂಟು ಕೊಡಿಸುತ್ತಿದ್ದ ಮಲ್ಲಪ್ಪ ಸಾವಕಾರ್ರು, ನಮ್ಮೂರ ಅರ್ಧ ಮಗ್ಗಗಳ ಒಡೆಯರು, “ಈ ಸಲ ದೊಡ್ಡ ಕೋಚನ್ನ ತರೋಣು” ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಮರುದಿನದಿಂದ ದಸ್ತಗೀರ ಚಾಚಾನ ಚಹಾದಂಗಡಿಯ ಬೆಂಚುಗಳ ಮೇಲೆ ಕೂರಲು ಜಾಗ ಸಿಗದಂತಾಯಿತು. ಚೆಂಡನ್ನು ಒಮ್ಮೆಯೂ ಕಾಲಿಂದ ಮುಟ್ಟದವರೆಲ್ಲ ಕೋಚ್ ಆರಿಸಲು ಕುಳಿತರು. ಅವರಲ್ಲಿ ಮೊದಲನೆಯವನು ನಾನು.

“ಗೋವಾದಾಂವ ಒಬ್ಬಾಂವ ಬರಾಕತ್ತಾನಂತ. ಮೀನ ತಿನ್ನಾವ್ರ ಕಾಲು ಭಾಳ ಹಗರ ಇರತಾವು.”

“ಇಲ್ಲಿ ಮೀನ ಎಲ್ಲಿಂದ ತರತಿ? ಜ್ವಾಳದ ರೊಟ್ಟಿ, ಖಾರಬ್ಯಾಳಿ ತಿಂದು ಮೂರನೇ ದಿನಾ ತಂಬಗಿ ಹಿಡಕೊಂಡ ಗೋವಾಕ್ಕ ಓಡತಾನ.”

“ಹುಬ್ಬಳ್ಳಿ ರೇಲ್ವೆದಾಂವ ಅದಾನಲ್ಲಪಾ?”

“ಅವನ್ನ ತಂದ್ರ ಗೋಲು ಎರಡ ತಾಸ ತಡಾ ಆಗಿ ಬರತಾವು.”

“ಬೆಳಗಾವಿ ಮಿಲಿಟ್ರಿ ಸುಭೇದಾರ?”

“ಅಂವ ಮೊದಲ ಚಾಚಾನ ಮೀಸಿ ಬೋಳಸತಾನ.”

ಚಾಚಾ ಚಹಾ ಸೋಸುವುದನ್ನು ನಿಲ್ಲಿಸಿ ಮೀಸೆ ಮುಟ್ಟಿಕೊಂಡು, “ಕೋಚ್ ಯಾವಾಂವರೇ ಬರ್ಲಿ, ಹಳೇ ಚಹಾದ ಉದ್ರಿ ಮರೀಬ್ಯಾಡ್ರಿ” ಎಂದ.

ನನ್ನ ಹೆಸರು ಚನ್ನಬಸಪ್ಪ. ಊರು ಕರೆಯುತ್ತಿದ್ದುದು ನಕಲಿ ಚನ್ಯಾ ಎಂದು. ಯಾರ ದನಿ, ಯಾರ ನಡಿಗೆ, ಯಾರ ಕೆಮ್ಮು ಬೇಕು ಹೇಳಿ, ಮಾಡಿ ತೋರಿಸುತ್ತಿದ್ದೆ. ಆ ಬೇಸಿಗೆ ನನಗೆ ಸುಗ್ಗಿ. ಕಂಡೇ ಇಲ್ಲದ ಕೋಚುಗಳನ್ನೆಲ್ಲ ಬೆಂಚಿನ ಮೇಲೆ ನಿಂತು ಆಡಿ ತೋರಿಸಿದೆ. ನನ್ನ ಗೋವಾದವನು ತೊದಲುತ್ತಿದ್ದ, ನನ್ನ ಸುಭೇದಾರ ಆಕಳಿಸುವಾಗಲೂ ಸೆಲ್ಯೂಟು ಹೊಡೆಯುತ್ತಿದ್ದ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮಂದಿ ಅವರನ್ನು ನಿಜವಾಗಿ ಕಂಡವರಂತೆ ಜಗಳಾಡತೊಡಗಿದರು. “ತೊದಲಾಂವ ಬ್ಯಾಡ್ರಿ” ಎಂದು ಒಬ್ಬ ಸಾವಕಾರ್ರ ಮನೆಗೇ ಹೋಗಿ ಹೇಳಿ ಬಂದನಂತೆ.

ಒಂದು ಮಧ್ಯಾಹ್ನ ಕೆಂಪು ಟ್ರ್ಯಾಕ್‌ಸೂಟಿನ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಬಸ್ಸಿಳಿದ. ಸುದ್ದಿ ಅವನಿಗಿಂತ ಮೊದಲು ಪೇಟೆ ಮುಟ್ಟಿತು. ಅವನ ಬ್ಯಾಗನ್ನು ಇಬ್ಬರು ಹೊತ್ತರು, ಚಾಚಾ ಬಿಟ್ಟಿ ಚಹಾ ಕೊಟ್ಟ, ಸುತ್ತ ಮೂವತ್ತು ಮಂದಿ. “ಸಾಹೇಬ್ರ, ನಿಮ್ಮ ಪ್ಲ್ಯಾನ್ ಏನ್ರಿ?” ಎಂದು ಒಬ್ಬ ಕೇಳಿದ. ಆತ ಖುಷಿಯಾಗಿ ಬ್ಯಾಗು ಬಿಚ್ಚಿ ಒಂದು ಪ್ರೆಶರ್ ಕುಕ್ಕರ್ ತೆಗೆದು ಬೆಂಚಿನ ಮೇಲಿಟ್ಟ. ಮರ್ಯಾದೆ ಉಳಿಸಿಕೊಳ್ಳಲು ಮೂವರು ಕುಕ್ಕರ್ ಕೊಂಡರು. ಅದರಲ್ಲಿ ಒಂದು ನಮ್ಮ ಮನೆಯಲ್ಲಿ ಇಂದಿಗೂ ಕೂಗುತ್ತದೆ.

ಇಷ್ಟು ಹುಡುಕಾಟ ನಡೆದಿದ್ದಾಗ ತಂಡಕ್ಕೆ ಆಟ ಆಡಿಸುತ್ತಿದ್ದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಆಡಿಸುತ್ತಿದ್ದವನು ಈರಪ್ಪ ಕಾಕಾ.

ಕಾಕಾ ಸಾವಕಾರ್ರ ಶೆಡ್ಡಿನ ಜಾಬರ್. ಕೆಟ್ಟ ಮಗ್ಗಗಳನ್ನು ಸುಧಾರಿಸುವುದು ಅವನ ಕೆಲಸ. ಮೂವತ್ತು ವರ್ಷ ಆ ಖಟ್‌ಖಟ್ ಕೇಳಿ ಕೇಳಿ ಕಿವಿ ಹೋಗಿದ್ದವು. ತನ್ನ ದನಿ ತನಗೇ ಕೇಳದ್ದರಿಂದ ಏನು ಹೇಳಿದರೂ ಕೂಗಿ ಹೇಳುತ್ತಿದ್ದ. ಮಾತಿನ ಕೊನೆಗಳು ಸವೆದು ಹೋಗಿ, ಖಾಲಿ ಡಬ್ಬಿಯಲ್ಲಿ ಕಲ್ಲು ಅಲುಗಿದಂತೆ ಕೇಳುತ್ತಿದ್ದವು. ಆದರೆ ಮಗ್ಗದ ಶೆಡ್ಡಿನಲ್ಲಿ ದನಿ ಯಾರಿಗೆ ಬೇಕು? ಅಲ್ಲಿ ಎಲ್ಲರೂ ತುಟಿ ನೋಡಿ, ಕೈ ನೋಡಿಯೇ ಮಾತಾಡುವುದು. ಎರಡು ಬೆರಳು ಕತ್ತರಿಯಾಡಿಸಿದರೆ ಎಳೆ ಹರಿದಿದೆ ಎಂದು ಅರ್ಥ. ಮುಷ್ಟಿಯನ್ನು ಎದೆಯ ಮುಂದೆ ಅತ್ತಿಂದಿತ್ತ ಸರಿಸಿದರೆ ಲಾಳಿ. ಅಂಗೈ ಕೆಳಗೆ ಒತ್ತಿದರೆ ಮಗ್ಗ ನಿಲ್ಲಿಸು.

ಇದೇ ಸನ್ನೆಗಳನ್ನು ಕಾಕಾ ಮೈದಾನಕ್ಕೆ ತಂದಿದ್ದ. ಮಾಸ್ತರ ಕಾಲದಲ್ಲೇ, ನೀರಿನ ಕೊಡ ಹೊರುವ ನೆಪದಲ್ಲಿ ಬಂದು ಗೆರೆಯ ಹೊರಗೆ ನಿಲ್ಲುತ್ತಿದ್ದ. ಕತ್ತರಿಬೆರಳು ಎತ್ತಿ ಬಲಕ್ಕೆ ತೋರಿಸಿದರೆ, ಎದುರಾಳಿಗಳ ಸಾಲು ಅಲ್ಲಿ ಹರಿದಿದೆ, ನುಗ್ಗು ಎಂದರ್ಥ. ಮುಷ್ಟಿ ಸರಿಸಿದರೆ ಚೆಂಡನ್ನು ಲಾಳಿಯಂತೆ ಈ ಬದಿಯಿಂದ ಆ ಬದಿಗೆ ಒಗೆ. ಅಂಗೈ ಒತ್ತಿದರೆ ತಡೆ, ಅವಸರ ಬೇಡ. ಹುಡುಗರೂ ಮಗ್ಗದವರೇ. ಅವರಲ್ಲೂ ಅರ್ಧ ಮಂದಿಗೆ ಆಗಲೇ ಕಿವಿ ಮಂದವಾಗಿದ್ದವು. ನಾಯಕ ಬಸು ಚೆಂಡು ಸಿಕ್ಕ ಕೂಡಲೆ ತಲೆ ಎತ್ತಿ ಕಾಕಾನ ಕೈ ನೋಡುತ್ತಿದ್ದ. ಆಮೇಲೆ ಓಡುತ್ತಿದ್ದ.

ಚಾಚಾನ ಅಂಗಡಿಯಲ್ಲಿ ಕಾಕಾನ ಹೆಸರು ಬರುತ್ತಿದ್ದುದು ಬೇರೆಯೇ ಕಾರಣಕ್ಕೆ. ಗೋವಾ, ಹುಬ್ಬಳ್ಳಿ, ಬೆಳಗಾವಿ ಎಲ್ಲ ಮುಗಿದು ಮಾತು ಸಪ್ಪಗಾದಾಗ ಯಾರೋ ಒಬ್ಬ, “ಚನ್ಯಾ, ಈರಪ್ಪಂದು ಮಾಡೋ” ಎನ್ನುತ್ತಿದ್ದ. ನಾನು ಕತ್ತು ಎಡಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ, “ಏಏ ಬಸ್ಯಾಆಆ, ಎಳೀ ಹರದsತೋ!” ಎಂದು ಒದರಿದರೆ ಬೆಂಚು ಸಮೇತ ನಗುತ್ತಿದ್ದರು. ನನ್ನ ನಕಲಿಯಂಗಡಿಯ ಅತ್ಯುತ್ತಮ ಮಾಲು ಅದು.

ಮೇ ತಿಂಗಳ ಒಂದು ದಿನ ಕಾಕಾ ಶೆಡ್ಡಿನಲ್ಲಿ ನನ್ನ ಭುಜ ತಟ್ಟಿ ಹೊರಗೆ ಕರೆದ. ಆಗ ನಾನು ಅಲ್ಲಿಯೇ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕಿದ್ದೆ. ನೀರಿನ ಟಾಕಿಯ ನೆರಳಿಗೆ ಕರೆದೊಯ್ದು, ಆಚೀಚೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. ಅವನ ಪಿಸುಮಾತು ನಾಲ್ಕು ಮನೆ ಆಚೆ ಕೇಳಿಸುತ್ತಿತ್ತು.

“ಚನ್ಯಾ! ಯಾರಿಗೂ ಹೇಳಬ್ಯಾಡ! ನನಗ ಕೋಚ್ ಆಗಬೇಕನಸೇತಿ!”

ಎದುರುಮನೆಯ ಮುದುಕಿ ಬಾಗಿಲಿಗೆ ಬಂದು, “ಆಗಪಾ ಈರಪ್ಪ, ಯಾರ ಬ್ಯಾಡಂದ್ರು? ಒದರಬ್ಯಾಡ, ಕೂಸು ಮಲಗೇತಿ” ಎಂದಳು. ಕಾಕಾನಿಗೆ ಅದು ಕೇಳಲಿಲ್ಲ. ನನಗೆ ನಗು ಬಂತು, ಕೆಮ್ಮಿದಂತೆ ಮಾಡಿದೆ.

“ಮಗ್ಗಾ ಎಲ್ಲಾ ಸಾವಕಾರ್ರವು. ಮೂವತ್ತ ವರ್ಷ ಅವಕ್ಕ ಕೈ ಹಚ್ಚೀನಿ, ಒಂದೂ ನಂದಲ್ಲ. ಈ ಹುಡುಗೂರು ಅಷ್ಟ ನನ್ನ ಕೈ ನೋಡಿ ಆಡತಾವು. ಹೊರಗಿನಾಂವ ಬಂದ್ರ ನನ್ನ ಗೆರಿ ಹತ್ರ ನಿಂದ್ರಾಕ ಬಿಡತಾನೇನ? ಐತವಾರ ಸಭಾ ಐತಿ. ಮಂದಿ ಕೂಡಿದಲ್ಲೆ ಎಲ್ಲಾರೂ ಒಮ್ಮೆಲೆ ಮಾತಾಡತಾರ, ನಾ ಯಾರ ತುಟಿ ನೋಡ್ಲಿ? ನೀ ನನ್ನ ಪರವಾಗಿ ಹೇಳು.”

“ನಾನs ಯಾಕ ಕಾಕಾ?” ತುಟಿ ಬಿಡಿಸಿ ಕೇಳಿದೆ.

“ನನ್ನ ಮಾತು ನಿನಗ ಬರತಾವಲ್ಲ.”

ನನ್ನ ನಕಲಿಯ ಸುದ್ದಿ ಅವನಿಗೆ ತಿಳಿದಿತ್ತೋ, ಅಥವಾ ಶೆಡ್ಡಿನಲ್ಲಿ ಅವನ ಸವೆದ ಮಾತುಗಳನ್ನು ಇತರರಿಗೆ ಬಿಡಿಸಿ ಹೇಳುತ್ತಿದ್ದವನು ನಾನು ಎಂದಷ್ಟೇ ಹಾಗೆ ಅಂದನೋ, ಇಂದಿಗೂ ಗೊತ್ತಿಲ್ಲ. ಹೇಳಬೇಕಾದದ್ದನ್ನು ಎರಡು ಸಲ ಬಾಯಿಪಾಠ ಮಾಡಿಸಿದ. ಹುಡುಗರಿಗೆ ಕಿವಿ ಮಂದ, ಹೊರಗಿನ ಕೋಚ್ ಸೀಟಿ ಊದಿದರೆ ಅವರಿಗೆ ಮುಟ್ಟುವುದಿಲ್ಲ, ಕೈಸನ್ನೆ ಬಲ್ಲವನೇ ಬೇಕು. ಇಷ್ಟೇ. ನಾನು ಹೇಳುತ್ತೇನೆ ಎಂದು ಅವನ ಕೈ ಮುಟ್ಟಿ ಮಾತು ಕೊಟ್ಟೆ.

ಐತವಾರ ಸಾವಕಾರ್ರ ಮನೆಯ ಪಡಸಾಲೆಯಲ್ಲಿ ಸಭೆ. ಐವತ್ತು ಮಂದಿ. ಕಾಕಾ ಒಗೆದ ಧೋತರ, ಬಿಳಿ ಟೊಪಗಿ ಹಾಕಿಕೊಂಡು ಬಂದು ಕಂಬಕ್ಕೆ ಆತು ಕುಳಿತಿದ್ದ. ನಾನು ಎದ್ದು ನಿಂತು ನನ್ನ ಸ್ವಂತ ದನಿಯಲ್ಲೇ ಶುರು ಮಾಡಿದೆ.

“ಸಾವಕಾರ್ರ, ಈರಪ್ಪ ಕಾಕಾ ಏನ್ ಹೇಳತಾನಂದ್ರ…”

“ಅವನ ದನ್ಯಾಗ ಹೇಳಲೇ!” ಹಿಂದಿನಿಂದ ಯಾರೋ ಕೂಗಿದರು. “ನಿನ್ನ ದನ್ಯಾಗ ಹೇಳಿದ್ರ ಖರೆ ಅನಸಂಗಿಲ್ಲ!”

ಐವತ್ತು ಮುಖಗಳು ನನ್ನತ್ತ ತಿರುಗಿದವು. ಎಲ್ಲ ಮುಖಗಳೂ ನಗಲು ತಯಾರಾಗಿ ನಿಂತಿದ್ದವು. ನಾನು ತಡೆದುಕೊಂಡೆ ಎಂದು ಬರೆಯಲು ಇಷ್ಟ. ಎಷ್ಟು ಹೊತ್ತು ತಡೆದುಕೊಂಡೆ ಎಂದರೆ, ಒಂದು ಸೀನು ಬರುವಷ್ಟು ಹೊತ್ತು. ಆಮೇಲೆ ಕತ್ತು ತಾನೇ ಎಡಕ್ಕೆ ವಾಲಿತು.

“ಸಾವಕಾರ್ರsss! ಹುಡುಗೂರಿಗೆ ಕಿವೀ ಇಲ್ಲsss! ಸೀಟೀ ಊದಿದ್ರ ಮುಟ್ಟೂದಿಲ್ಲsss!”

ನಗೆಗೆ ಪಡಸಾಲೆ ಒಡೆದುಹೋಗುವಂತಾಯಿತು. ಒಬ್ಬ ಮತ್ತೊಬ್ಬನ ಮೇಲೆ ಬಿದ್ದ. ಸಾವಕಾರ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟು ದೊಡ್ಡ ನಗೆಯನ್ನು ನಾನು ಅದುವರೆಗೆ ಗಳಿಸಿರಲಿಲ್ಲ. ಸಾಲದ್ದಕ್ಕೆ ಕೈಯನ್ನೂ ಸೇರಿಸಿದೆ. ಕತ್ತರಿಬೆರಳು, ಮುಷ್ಟಿ, ಅಂಗೈ. ಪಿಸುಗುಟ್ಟುವಂತೆ ಬಾಯಿಗೆ ಕೈ ಅಡ್ಡ ಹಿಡಿದು “ಯಾರಿಗೂ ಹೇಳಬ್ಯಾಡsss!” ಎಂದೂ ಒದರಿದೆ. ಅದನ್ನು ಹೇಳು ಎಂದು ಯಾರೂ ನನಗೆ ಹೇಳಿರಲಿಲ್ಲ.

ಕಂಬದ ಹತ್ತಿರ ಕಾಕಾ ಸುತ್ತಲಿನ ಮುಖಗಳನ್ನು ನೋಡುತ್ತ ತಾನೂ ನಗುತ್ತಿದ್ದ. ಮಂದಿ ಖುಷಿಯಾಗಿದ್ದಾರೆ, ಕೆಲಸ ಆಗುವಂತಿದೆ ಎಂದುಕೊಂಡಿರಬೇಕು. ನಗುತ್ತಲೇ ನನ್ನ ಕಡೆ ನೋಡಿದ. ನನ್ನ ತುಟಿ ನೋಡಿದ. ಕೈ ನೋಡಿದ. ವಾಲಿದ ಕತ್ತು ನೋಡಿದ. ಅವನಿಗೆ ಕೇಳುತ್ತಿರಲಿಲ್ಲ ನಿಜ. ಕಣ್ಣು ಮಾತ್ರ ಇಡೀ ಬನಹಟ್ಟಿಯಲ್ಲಿ ಅವನಷ್ಟು ಚೂಪು ಯಾರವೂ ಇರಲಿಲ್ಲ. ಸಾವಿರ ಎಳೆಗಳಲ್ಲಿ ಹರಿದ ಒಂದನ್ನು ದೂರದಿಂದ ಹಿಡಿಯುವ ಮನುಷ್ಯನಿಗೆ ತನ್ನನ್ನು ತಾನು ಗುರುತಿಸಲು ಎಷ್ಟು ಹೊತ್ತು?

ನಗು ಮುಖದ ಮೇಲೆ ಹಾಗೇ ಇತ್ತು, ಒಳಗೆ ಏನೂ ಇರಲಿಲ್ಲ. ಎದ್ದು ಸಾವಕಾರ್ರಿಗೆ ಕೈ ಮುಗಿದು, ಬಾಗಿಲಲ್ಲಿ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದ.

“ಮನಶ್ಯಾ ಭಾಳ ಒಳ್ಳೇಂವ,” ಎಂದರು ಸಾವಕಾರ್ರು, ಇನ್ನೂ ಹೊಟ್ಟೆ ಹಿಡಿದುಕೊಂಡು. “ಖರೆ ಜಮಖಂಡಿ ಗ್ರೌಂಡಿನ್ಯಾಗ ಹಿಂಗ ಒದರಿದ್ರ ನಮ್ಮೂರ ಮರ್ಯಾದಿ ಏನಾಗಬೇಕು? ಬೆಳಗಾವಿಯಾಂವನ್ನs ತರೋಣು.”

“ಸಾವಕಾರ್ರ, ಹುಡುಗೂರಿಗೆ ಸೀಟಿ ಕೇಳೂದಿಲ್ಲಂತ ಕಾಕಾ ಹೇಳಿದ್ದು ಖರೇನರಿ” ಎಂದೆ. ಈ ಸಲ ನನ್ನ ದನಿಯಲ್ಲಿ. ಯಾರೂ ತಿರುಗಿ ನೋಡಲಿಲ್ಲ. ನನ್ನ ದನಿ ಎಂಬುದೊಂದು ಇದೆಯೆಂದು ಊರಿಗೆ ಗೊತ್ತಿರಲಿಲ್ಲ.

ಬೆಳಗಾವಿಯ ಕೋಚ್ ಸಾಹೇಬರು ಬಂದರು. ಮಿಲಿಟರಿ ಸುಭೇದಾರನಲ್ಲ, ಅಲ್ಲಿನ ಕಾಲೇಜೊಂದರಲ್ಲಿ ಆಟ ಕಲಿಸುತ್ತಿದ್ದವರು. ಸರ್ಟಿಫಿಕೇಟ್ ಇತ್ತು, ಕೊರಳಲ್ಲಿ ಹೊಳೆಯುವ ಸೀಟಿ ಇತ್ತು. ಕೆಟ್ಟವರಲ್ಲ. ಹುಡುಗರಿಗೆ ಬಾಳೆಹಣ್ಣು ತಿನ್ನಿಸಿದರು, ಕರಿಹಲಗೆಯ ಮೇಲೆ ಬಾಣ ಎಳೆದು ತೋರಿಸಿದರು. ಆದರೆ ಮೈದಾನದಲ್ಲಿ ಅವರು ಸೀಟಿ ಊದಿದರೆ ಹತ್ತಿರದ ಇಬ್ಬರು ನಿಲ್ಲುತ್ತಿದ್ದರು, ದೂರದವರು ಓಡುತ್ತಲೇ ಇರುತ್ತಿದ್ದರು. ಬಸು ಚೆಂಡು ಸಿಕ್ಕಾಗ ತಲೆ ಎತ್ತಿ ಗೆರೆಯ ಆ ಮೂಲೆಗೆ ನೋಡುತ್ತಿದ್ದ. ಅಲ್ಲಿ ನೀರಿನ ಕೊಡ ಮಾತ್ರ ಇರುತ್ತಿತ್ತು. ಅವನು ನೋಡುತ್ತಿರುವಾಗಲೇ ಯಾರೋ ಬಂದು ಚೆಂಡು ಕಸಿಯುತ್ತಿದ್ದರು.

ಮಹಾಲಿಂಗಪುರದ ಮೇಲೆ ಸುಮ್ಮನೆ ಒಂದು ಆಟ ಇಟ್ಟರು. ನಾಲ್ಕು ಗೋಲು ತಿಂದು ಬಂದೆವು. ಸಾಹೇಬರು ಬ್ಯಾಗು ಕಟ್ಟಿದರು. “ಅಹೋ ಸಾವಕಾರ್, ನಾ ಗಂಟಲಾ ಹರಕೊಂಡು ಸತ್ತೆ. ಈ ಪೋರಗೋಳಿಗೆ ಕಿವೀನ ಇಲ್ಲಲ್ರೀ!” ಎಂದು ಹೇಳಿ ಬಸ್ಸು ಹತ್ತಿದರು. ಅದೇ ಮಾತು. ಸರ್ಟಿಫಿಕೇಟ್ ಇದ್ದವರ ಬಾಯಿಂದ ಬಂದದ್ದಕ್ಕೆ ಈ ಸಲ ಯಾರೂ ನಗಲಿಲ್ಲ.

ಚಾಚಾನ ಬೆಂಚುಗಳು ಮತ್ತೆ ತುಂಬಿದವು. ಕೊಲ್ಲಾಪುರದವನಂತೆ, ಪುಣೆಯವನಂತೆ. ನನಗೆ ಮಾತ್ರ ಒಂದೂ ನಕಲಿ ಹೊರಡಲಿಲ್ಲ. “ಯಾಕಲೇ, ಗಿಳಿಗೆ ಗಂಟಲ ಬ್ಯಾನಿ?” ಎಂದರು. ಪಂದ್ಯಾವಳಿಗೆ ಹತ್ತು ದಿನ ಉಳಿದಾಗ ಸಾವಕಾರ್ರು ನನ್ನನ್ನು ಕರೆಸಿದರು.

“ಸಭಾದಾಗ ಮಂಗ್ಯಾನ ಆಟ ಆಡಿದಾಂವ ನೀನs. ನೀನs ಹೋಗಿ ಈರಪ್ಪನ ಕರಕೊಂಡ ಬಾ.”

ಅವತ್ತು ನಕ್ಕವರ ಪೈಕಿ ಅತಿ ಹೆಚ್ಚು ನಕ್ಕವರು ಅವರೇ ಎಂದು ಹೇಳಬೇಕೆನಿಸಿತು. ಆದರೆ ಅವರ ಶೆಡ್ಡಿನಲ್ಲಿ ನನ್ನ ಕೂಲಿ ಇತ್ತು.

ಕಾಕಾ ಒಂದು ಮಗ್ಗದ ಅಡಿಯಲ್ಲಿ ಬೆನ್ನ ಮೇಲೆ ಮಲಗಿ ಪಾನಾ ಹಿಡಿದು ನಟ್ಟು ತಿರುವುತ್ತಿದ್ದ. ಸಭೆಯಾದಂದಿನಿಂದ ನಾನು ಅವನಿದ್ದ ಸಾಲಿಗೇ ಹೋಗಿರಲಿಲ್ಲ. ಕಾಲು ಮುಟ್ಟಿ ಎಬ್ಬಿಸಿದೆ. ಸುತ್ತ ಮಗ್ಗಗಳ ಅಬ್ಬರ. ತುಟಿ ಬಿಡಿಸಿ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ. ನಗು ನೋಡಿದರೆ ನನಗೆ ಹೀಗಾಗುತ್ತದೆ ಎಂದೆ. ಸಾವಕಾರ್ರು ಕರೀತಾರ, ಹುಡುಗೂರು ನಿನ್ನ ದಾರಿ ನೋಡಾಕತ್ತಾರ, ಬಾ ಕಾಕಾ ಎಂದೆ. ಅವನು ಒಂದಕ್ಷರ ಬಿಡದೆ ನನ್ನ ಬಾಯನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡ. ಚಿಂದಿಯಿಂದ ಕೈಯ ಎಣ್ಣೆ ಒರೆಸಿಕೊಂಡ. ಯಾವಾಗಲೂ ಕೂಗಿ ಮಾತಾಡುವ ಮನುಷ್ಯ ಅವತ್ತು ದನಿಯನ್ನೇ ತೆಗೆಯಲಿಲ್ಲ. ಬರೀ ತುಟಿ ಆಡಿಸಿದ. ಶೆಡ್ಡಿನವನಾದ ನನಗೆ ಚೆನ್ನಾಗಿ ತಿಳಿಯಿತು.

“ನೀನs ನಿಂದ್ರು. ನಂದು ಎಲ್ಲಾ ನಿನಗ ಬರತೈತಿ.”

ಮತ್ತೆ ಮಗ್ಗದ ಅಡಿಗೆ ಸರಿದ.

ನಾನು ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಸಾವಕಾರ್ರು ಗಲ್ಲ ಕೆರೆದುಕೊಂಡು, “ಅದೂ ಖರೇನ. ಹುಡುಗೂರಿಗೆ ಕೈ ನೋಡೂದೈತಿ. ನೀನs ಮಾಡೋ!” ಎಂದರು. ಆಗ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಖುಷಿಯಾಯಿತು. ಗೋವಾ, ಹುಬ್ಬಳ್ಳಿ, ಬೆಳಗಾವಿ ಹುಡುಕಿದ ಊರು ಕೊನೆಗೆ ನನ್ನನ್ನು ಆರಿಸಿತ್ತು. ಹತ್ತು ದಿನ ಮನೆಯ ಕನ್ನಡಿಯ ಮುಂದೆ ನಿಂತು ತಾಲೀಮು ಮಾಡಿದೆ. ನಮ್ಮವ್ವ ನೋಡಿ, “ಮಾರಿ ನಿಂದs ಐತೇನೋ ನೋಡಕೋ” ಎಂದಳು.

ಜಮಖಂಡಿಯ ಮೈದಾನದ ಸುತ್ತ ಎರಡು ಸಾವಿರ ಮಂದಿ ಇದ್ದರೇನೋ. ಮೋಡ ಕವಿದು ಮಳೆ ಬಾರದ ಸೆಕೆ. ನಾನು ಗೆರೆಯ ಮೂಲೆಯಲ್ಲಿ, ನೀರಿನ ಕೊಡದ ಪಕ್ಕ ಹೋಗಿ ನಿಂತೆ. ಕತ್ತು ಎಡಕ್ಕೆ ವಾಲಿಸಿದೆ, ಕಣ್ಣು ಕಿರಿದು ಮಾಡಿದೆ. ಆಟ ಶುರುವಾಗಿ ಚೆಂಡು ಇನ್ನೂ ಅತ್ತಿತ್ತ ಹಾರುತ್ತಿದ್ದಾಗ ಅಂಗೈ ಕೆಳಗೆ ಒತ್ತಿ ತೋರಿಸಿದೆ. ನಮ್ಮ ಹುಡುಗರ ಮೈಯಲ್ಲಿ ಒಮ್ಮೆಲೆ ಜೀವ ಬಂದಂತಾಯಿತು. ಗುರುತಿನ ಕೈ ಕಂಡಿತ್ತು ಅವರಿಗೆ. ಬನಹಟ್ಟಿಯಿಂದ ಟ್ರಾಕ್ಟರು ತುಂಬಿ ಬಂದಿದ್ದ ನಮ್ಮವರು, “ಈರಪ್ಪ ಕಾಕಾನs ನಿಂತಂಗ ಐತಿ ನೋಡೋ!” ಎಂದು ಚಪ್ಪಾಳೆ ಹೊಡೆದರು. ನಾನು ಇನ್ನಷ್ಟು ವಾಲಿದೆ.

ಆಗ ನಟ್ಟನಡುವೆ ಬಸುವಿಗೆ ಚೆಂಡು ಸಿಕ್ಕಿತು. ಕಾಲಡಿ ತಡೆದು, ತಲೆ ಎತ್ತಿ, ನನ್ನ ಕೈ ನೋಡಿದ.

ನಾನು ಮೈದಾನ ನೋಡಿದೆ. ಧೂಳು ಕಂಡಿತು. ಓಡುವ ಮಂದಿ ಕಂಡರು. ಕಾಕಾ ಅಲ್ಲಿ ಮಗ್ಗಕ್ಕೆ ಹೂಡಿದ ಎಳೆಗಳ ಹಾಸನ್ನು ಕಾಣುತ್ತಿದ್ದ, ಅದರಲ್ಲಿ ಹರಿದ ಎಳೆ ಕಾಣುತ್ತಿದ್ದ. ನನಗೆ ಬರೀ ಅಂಗಿಗಳ ಬಣ್ಣ ಕಂಡಿತು. ಅವನ ಒಂದೊಂದು ಸನ್ನೆಯೂ ನನಗೆ ಬರುತ್ತಿತ್ತು, ಬೆರಳಿನ ನಡುಕದ ಸಮೇತ. ಯಾವುದನ್ನು ಯಾವಾಗ ಮಾಡಬೇಕೆಂಬುದು ಬರುತ್ತಿರಲಿಲ್ಲ. ಅದನ್ನು ನಾನು ಎಂದೂ ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಅವನನ್ನೇ ನೋಡಿದ್ದೆ, ಅವನು ನೋಡುತ್ತಿದ್ದುದನ್ನು ನೋಡಿರಲಿಲ್ಲ.

ಬಸು ಕಾಯುತ್ತಿದ್ದ. ಕತ್ತರಿಬೆರಳು ಎತ್ತಿ ಬಲಕ್ಕೆ ತೋರಿಸಿಬಿಟ್ಟೆ. ಅವನು ಒಂದು ಕ್ಷಣವೂ ಅನುಮಾನ ಪಡಲಿಲ್ಲ, ತಲೆ ತಗ್ಗಿಸಿ ಬಲಕ್ಕೆ ನುಗ್ಗಿದ. ಅಲ್ಲಿ ಮೂವರು ನಿಂತಿದ್ದರು. ಅಡ್ಡಬಿದ್ದು ಉರುಳಿದ, ಚೆಂಡು ನಮ್ಮ ತುದಿಗೆ ಬಂದು ನಮ್ಮ ಮೇಲೆಯೇ ಗೋಲಾಯಿತು.

ಬಸು ಎದ್ದ. ಮೊಳಕಾಲಿನ ರಕ್ತ ಒರೆಸಿಕೊಂಡ. ನನ್ನ ಮೇಲೆ ಸಿಟ್ಟಾಗುತ್ತಾನೆ ಎಂದುಕೊಂಡೆ, ಆದರೆ ತಪ್ಪು ತನ್ನದೇ ಎಂಬಂತೆ ತಲೆ ಅಲ್ಲಾಡಿಸಿ ನಡುವಿಗೆ ಹೋಗಿ ನಿಂತ. ಮತ್ತೆ ಚೆಂಡು ಬಂತು. ಕಾಲಡಿ ತಡೆದ. ತಲೆ ಎತ್ತಿ ಮತ್ತೆ ನನ್ನ ಕೈ ನೋಡಿದ.

ನಾನು ಕೈ ಎತ್ತಿದೆ. ಯಾವುದೋ ಒಂದು ಸನ್ನೆ ಮಾಡಿದೆ. ಅವನು ಓಡಿದ.